200 ಕಿ.ಮೀ. ಸವಾರಿಗೆ ಮೈಕೈ ನೋಯದ ರೋಡ್ ಬೈಕ್ ಬೇಕು. ಕಾರ್ಬನ್ ತಗೊಳ್ಳಲಾ, ಅಲ್ಯೂಮಿನಿಯಂ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ವಯಸ್ಸು ನಲವತ್ತು ದಾಟಿದೆ, ಬೆಂಗಳೂರಿನಲ್ಲಿದ್ದೀರಿ, ಈಗ ಇರುವುದು 25 ಎಂಎಂ ಟೈರಿನ ರೇಸ್ ಮಾದರಿ ಸೈಕಲ್. 60 ಕಿ.ಮೀ. ದಾಟಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಈ ಸಲ 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸುವ ಆಸೆ. ಒಂದೂವರೆ ಲಕ್ಷದೊಳಗೆ ಒಂದು ಕಾರ್ಬನ್ ಸೈಕಲ್ ಕೊಂಡರೆ ನೋವು ಹೋಗುತ್ತಾ ಅಂತ ಕೇಳಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. ಆ ದುಡ್ಡಿಗೆ ಕಾರ್ಬನ್ ಹಿಂದೆ ಬೀಳಬೇಡಿ. ಫ್ರೇಮ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕಿಂತ ಎರಡು ಪ್ರಶ್ನೆ ಮುಖ್ಯ: ಎಷ್ಟು ಅಗಲದ ಟೈರ್ ಹಿಡಿಸುತ್ತದೆ? ಹ್ಯಾಂಡಲ್ ಎಷ್ಟು ಎತ್ತರಕ್ಕೆ, ಎಷ್ಟು ಹತ್ತಿರಕ್ಕೆ ಬರುತ್ತದೆ? ಈ ಎರಡಕ್ಕೂ ಸರಿಯಾದ ಉತ್ತರ ಸಿಕ್ಕರೆ, ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಇರುವ ಅಲ್ಯೂಮಿನಿಯಂ ಸೈಕಲ್ ನಿಮ್ಮನ್ನು ಸಂಜೆಯವರೆಗೂ ಚೆನ್ನಾಗಿ ಇಟ್ಟುಕೊಳ್ಳುತ್ತದೆ.

ಮೊದಲು ಟೈರ್. ರಸ್ತೆಯ ಏಟು ನಿಮ್ಮ ಕೈಗೆ ಬರುವ ಮೊದಲು ಟೈರಿನ ಗಾಳಿಗೆ ಬೀಳುತ್ತದೆ. ಹಂಪಿನ ಮೇಲೆ ಹೋದಾಗ ಟೈರ್ ಹಲವು ಮಿಲಿಮೀಟರ್ ಅದುಮುತ್ತದೆ. ಫ್ರೇಮ್ ಎಂಥದ್ದೇ ಇರಲಿ, ಮೇಲೆ ಕೆಳಗೆ ಅದರಷ್ಟು ಬಾಗುವುದೇ ಇಲ್ಲ. 25 ಎಂಎಂ ಟೈರಿನಲ್ಲಿ ಗಾಳಿಗೆ ಜಾಗ ಕಡಿಮೆ, ಹಾಗಾಗಿ ರಿಮ್ ನೆಲಕ್ಕೆ ಬಡಿಯದಿರಲಿ ಅಂತ ಗಟ್ಟಿಯಾಗಿ ತುಂಬಿಸಬೇಕು. 70–75 ಕೆ.ಜಿ. ತೂಗುವವರು ಅದಕ್ಕೆ 85–90 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹಾಕುತ್ತಾರೆ. ಅದೇ ವ್ಯಕ್ತಿ 32 ಎಂಎಂ ಟೈರಿನಲ್ಲಿ 55–60ರ ಆಸುಪಾಸು ಇಟ್ಟುಕೊಂಡು ಆರಾಮಾಗಿ ಹೋಗಬಹುದು. ಅಗಲ ಟೈರ್ ನಿಧಾನ ಅನ್ನುವ ಮಾತು ಈಗ ಹಳೆಯದು. ಒರಟು ರಸ್ತೆಯಲ್ಲಿ ಗಟ್ಟಿ ಟೈರ್ ಪುಟಿಯುತ್ತದೆ, ಆ ಪುಟಿತದಲ್ಲೇ ನಿಮ್ಮ ಶಕ್ತಿ ಸೋರಿ ಹೋಗುತ್ತದೆ. 23 ಎಂಎಂ ಬಿಟ್ಟು ಬೇರೆ ಮುಟ್ಟದಿದ್ದ ವೃತ್ತಿಪರ ರೇಸರ್‌ಗಳೇ ಈಗ ಮಾಮೂಲಿ ರಸ್ತೆಗೆ 28, 30 ಹಾಕುತ್ತಿದ್ದಾರೆ. 50 ಕಿ.ಮೀ.ಗೂ ಜಾಸ್ತಿ ಕಲ್ಲುಹಾಸಿನ ದಾರಿ ಇರುವ ಪ್ಯಾರಿಸ್–ರೂಬೆ ರೇಸಿಗೆ ಇನ್ನೂ ಅಗಲದ್ದು.

ಇನ್ನೊಂದು ವಿಷಯ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಗರಿಷ್ಠ ಮಿತಿ. ಅಷ್ಟು ತುಂಬಿಸಿ ಅಂತ ಅದರ ಅರ್ಥ ಅಲ್ಲ. ಪಂಪ್ ತಗೊಳ್ಳುವಾಗ ಮೀಟರ್ ಇರುವುದನ್ನೇ ತಗೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 60 ಮತ್ತು 80ಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ನೂರನೇ ಕಿಲೋಮೀಟರಿನಲ್ಲಿ ಅಂಗೈಗೆ ಅದು ಚೆನ್ನಾಗಿ ತಿಳಿಯುತ್ತದೆ.

ನಮ್ಮ ಕಡೆ ಇದು ಇನ್ನೂ ಮುಖ್ಯ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ, ಆಟೋಗಳ ಜೊತೆಗೆ ಸೈಕಲ್ಲಿಗೂ ಪ್ರವೇಶ ಇಲ್ಲ. ಸರ್ವಿಸ್ ರೋಡೇ ಗತಿ. ಅಲ್ಲಿ ಹಂಪು, ಅಂಡರ್‌ಪಾಸ್ ಬಳಿ ಮರಳು, ಚರಂಡಿ ಮುಚ್ಚಳದ ಏರುತಗ್ಗು. ಇತ್ತ ಚಿತ್ರದುರ್ಗ, ಬಳ್ಳಾರಿ ಕಡೆ ಹೋದರೆ ರಸ್ತೆ ಅಂಚಿನಲ್ಲಿ ಜಾಲಿ ಮುಳ್ಳು, ನೆಗ್ಗಿಲು. ಅದಕ್ಕೇ ಹೇಳುವುದು: ಕೊಳ್ಳುವ ಸೈಕಲ್ 32 ಎಂಎಂ ಟೈರನ್ನು ಆರಾಮಾಗಿ ಹಿಡಿಸಬೇಕು. 35 ಹಿಡಿಸಿದರೆ ಇನ್ನೂ ಒಳ್ಳೆಯದು. ಟ್ಯೂಬ್‌ಲೆಸ್ ಹಾಕಿ ಒಳಗೆ ಸೀಲಂಟ್ ಬಿಟ್ಟುಕೊಂಡರೆ ಚಿಕ್ಕಪುಟ್ಟ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಒಂದು ಟ್ಯೂಬ್ ಜೊತೆಗಿರಲಿ.

ಈಗ ಕುತ್ತಿಗೆಯ ವಿಷಯ. ಪ್ರತಿ ಕಂಪನಿಯೂ ತನ್ನ ಸೈಟಿನಲ್ಲಿ ಸೈಜ್ ಪಟ್ಟಿ ಹಾಕಿರುತ್ತದೆ. ಅದರಲ್ಲಿ ‘ಸ್ಟ್ಯಾಕ್’, ‘ರೀಚ್’ ಅಂತ ಎರಡು ಸಾಲು ಹುಡುಕಿ. ಪೆಡಲ್ ತಿರುಗುವ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ಎಷ್ಟು ಮುಂದಿದೆ ಅನ್ನುವುದು ರೀಚ್. ಒಂದೇ ಕಂಪನಿಯ ಎರಡು ಸೈಕಲ್ ನೋಡಿ. ಟ್ರೆಕ್‌ನ ರೇಸ್ ಸೈಕಲ್ ಎಮೋಂಡಾದ 56 ಸೈಜಿನಲ್ಲಿ ಸ್ಟ್ಯಾಕ್ ಸುಮಾರು 563 ಎಂಎಂ, ರೀಚ್ 391 ಎಂಎಂ. ದೂರದ ಸವಾರಿಗೆ ಅಂತಲೇ ಮಾಡಿದ ಡೊಮಾನೆಯ 56ರಲ್ಲಿ 591 ಮತ್ತು 377. ಸೈಜ್ ಒಂದೇ, ಆದರೆ ಹ್ಯಾಂಡಲ್ ಸುಮಾರು ಮೂರು ಸೆಂಟಿಮೀಟರ್ ಮೇಲೆ, ಒಂದೂವರೆ ಸೆಂಟಿಮೀಟರ್ ಹತ್ತಿರ. ಓದುವಾಗ ಸಣ್ಣದು ಅನ್ನಿಸುತ್ತದೆ, ಅಲ್ವಾ? ಅಷ್ಟೇ ಸಾಕು, ಬೆನ್ನು ಸ್ವಲ್ಪ ಎದ್ದು ನಿಲ್ಲುತ್ತದೆ. ದಾರಿ ನೋಡಲು ಕುತ್ತಿಗೆಯನ್ನು ಹಿಂದಕ್ಕೆ ಮುರಿದು ಹಿಡಿಯುವುದು ತಪ್ಪುತ್ತದೆ. ಲೆಕ್ಕ ಸುಲಭ: ಸ್ಟ್ಯಾಕ್ ಅನ್ನು ರೀಚ್‌ನಿಂದ ಭಾಗಿಸಿ. 1.45ರ ಹತ್ತಿರ ಬಂದರೆ ರೇಸ್ ಸೈಕಲ್. 1.5 ದಾಟಿದರೆ ನಿಮಗೆ ಬೇಕಾದ ಜಾತಿ. ಅಂಗಡಿಯವರು ಇದನ್ನು ‘ಎಂಡ್ಯೂರೆನ್ಸ್’ ಅಂತಾರೆ. ಹೆಸರು ನಂಬಿ ತಗೊಳ್ಳಬೇಡಿ, ಭಾಗಾಕಾರ ಮಾಡಿಯೇ ತಗೊಳ್ಳಿ.

ಬೆರಳಿನ ಜೋಮಿಗೆ ಕಾರಣ ಬೇರೆ ಇರಬಹುದು. ಕಿರುಬೆರಳು, ಉಂಗುರದ ಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರ ಅಂಚಿನ ಬುಡದಲ್ಲಿ ಹಾದು ಹೋಗುತ್ತದೆ. ಮೈಭಾರ ಕೈಮೇಲೆ ಬಿದ್ದರೆ ಮೊದಲು ನಲುಗುವುದು ಅದೇ. ಒಂದು ಪರೀಕ್ಷೆ ಮಾಡಿ ನೋಡಿ. ವಾಹನ ಇಲ್ಲದ ಸಮತಟ್ಟು ರಸ್ತೆಯಲ್ಲಿ, ಹದವಾಗಿ ಪೆಡಲ್ ತುಳಿಯುತ್ತಾ, ಬ್ರೇಕ್ ಮೇಲಿನ ಎರಡೂ ಕೈಗಳ ಹಿಡಿತ ಸಡಿಲ ಮಾಡಿ. ಬೆರಳು ತಾಗಿಕೊಂಡೇ ಇರಲಿ, ಭಾರ ಮಾತ್ರ ಎತ್ತಿ. ಮೈ ತಕ್ಷಣ ಮುಂದಕ್ಕೆ ಜಾರಿದರೆ ಸೀಟು ಮುಂದೆ ಇದೆ, ಇಲ್ಲವೇ ಅದರ ಮೂಗು ಕೆಳಗೆ ಬಾಗಿದೆ ಅಂತ ಅರ್ಥ. ಮೂಗು ಬಾಗಿದ್ದರೆ ಮಟ್ಟ ಮಾಡಿ. ಆಮೇಲೆ ಸೀಟನ್ನು ಐದೈದು ಮಿಲಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಹೊಟ್ಟೆ, ಬೆನ್ನಿನ ಬಲದಲ್ಲೇ ಮೈ ನಿಂತು ಕೈ ಹಗುರ ಅನ್ನಿಸುವ ಒಂದು ಜಾಗ ಸಿಗುತ್ತದೆ. ಸವಾರಿ ಮುಗಿದ ಮೇಲೂ ಜೋಮು ದಿನಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ, ಸುಮ್ನೆ ಬಿಡಬೇಡಿ.

ಸೀಟಿನ ಬಗ್ಗೆ ನನಗೆ ಕಾಳಜಿ ಜಾಸ್ತಿ, ಯಾಕೆಂದರೆ ಮೆತ್ತಗಿದ್ದರೆ ಸುಖ ಅಂತ ಎಲ್ಲರೂ ಜೆಲ್ ಕವರ್ ಕೊಂಡು ತರುತ್ತಾರೆ. ಹತ್ತು ಕಿ.ಮೀ.ಗೆ ಅದು ಸರಿ. ದೂರ ಹೋದಂತೆ ಆ ಮೆತ್ತೆ ಮೂಳೆಯ ಕೆಳಗೆ ಕುಸಿದು ನಡುವೆ ಉಬ್ಬುತ್ತದೆ, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಬೇಕಾಗಿದ್ದು ಸರಿಯಾದ ಅಗಲ. ಪಾರ್ಸೆಲ್ ಡಬ್ಬದ ಏಣುಏಣಾದ ರಟ್ಟು ಒಂದು ತುಂಡು ತಗೊಂಡು ಗಟ್ಟಿ ಮೆಟ್ಟಿಲಿನ ಮೇಲಿಡಿ. ತೆಳು ಬಟ್ಟೆಯಲ್ಲಿ ಕುಳಿತು, ಸ್ವಲ್ಪ ಮುಂದೆ ಬಾಗಿ, ಹಿಮ್ಮಡಿ ಎತ್ತಿ ಅರ್ಧ ನಿಮಿಷ ಇರಿ. ಎದ್ದು ನೋಡಿದರೆ ಎರಡು ಮೂಳೆಯ ಗುಳಿ ಬಿದ್ದಿರುತ್ತದೆ. ಗುಳಿಯ ನಡುವಿನಿಂದ ನಡುವಿಗೆ ಅಳೆಯಿರಿ. ಅದಕ್ಕೆ ಎರಡರಿಂದ ಮೂರು ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ಜೊತೆಗೆ ಪ್ಯಾಡ್ ಇರುವ ಒಳ್ಳೆಯ ಚಡ್ಡಿ, ಒಳಉಡುಪು ಇಲ್ಲದೆ.

ಗೇರ್ ಬಗ್ಗೆ ಎರಡೇ ಮಾತು. ಮುಂದಿನ ಎರಡು ಹಲ್ಲುಚಕ್ರಕ್ಕೆ 50 ಮತ್ತು 34 ಹಲ್ಲು (50/34), ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 32 ಅಥವಾ 34 ಹಲ್ಲು ಇರಲಿ. ನಂದಿಬೆಟ್ಟದ ಕೊನೆಯ ತಿರುವುಗಳಲ್ಲಿ ಮಂಡಿ ನಿಮಗೆ ಥ್ಯಾಂಕ್ಸ್ ಹೇಳುತ್ತದೆ. ಬ್ರೇಕ್ ಡಿಸ್ಕ್ ಇರುವುದೇ ನೋಡಿ. ರಿಮ್ ಬ್ರೇಕಿನ ಹೆಚ್ಚಿನ ರೋಡ್ ಬೈಕ್‌ಗಳು 28ಕ್ಕಿಂತ ಅಗಲದ ಟೈರ್ ಒಳಗೆ ಬಿಡುವುದಿಲ್ಲ.

ಹೆಸರು ಬೇಕು ಅಂದರೆ: ಟ್ರೆಕ್ ಡೊಮಾನೆ ಎಎಲ್, ಜೈಂಟ್ ಕಂಟೆಂಡ್ ಎಆರ್, ಡೆಕಾಥ್ಲಾನ್‌ನ ಟ್ರೈಬನ್ ಡಿಸ್ಕ್ ಮಾದರಿಗಳು. ಎಲ್ಲವೂ ಅಲ್ಯೂಮಿನಿಯಂ, ಎಲ್ಲವೂ ಎದ್ದು ಕೂರುವ ಜಾತಿ. ಹ್ಯಾಂಡಲ್ ಕೆಳಗೆ ಸ್ಪ್ರಿಂಗ್ ಕೂರಿಸಿದ ಸ್ಪೆಷಲೈಜ್ಡ್ ಕಂಪನಿಯ ರೂಬೆ ಸೊಗಸಾದ ಸೈಕಲ್, ಆದರೆ ನಿಮ್ಮ ಬಜೆಟ್‌ಗೆ ದೂರ. ಗ್ರಾವೆಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ಆಗುವ ಅಗಲ ಟೈರಿನ ಸೈಕಲ್) ಸಿಕ್ಕರೆ ಅದನ್ನೂ ತಳ್ಳಿಹಾಕಬೇಡಿ, ನುಣುಪು ಟೈರ್ ಹಾಕಿದರೆ ಬಿಆರ್‌ಎಂಗೆ ಧಾರಾಳವಾಗಿ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ ಇರುತ್ತದೆ. ಅಂದರೆ ತಿಂಡಿ, ಊಟ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಆಯಿತು. ಅಲ್ಲಿ ಒಂದು ಕೆ.ಜಿ. ಹಗುರ ಸೈಕಲ್‌ಗಿಂತ, ಕೊನೆಯ ಐವತ್ತು ಕಿ.ಮೀ. ಸರಿಯಾಗಿ ಕೂರಲು ಬಿಡುವ ಸೈಕಲ್ ಬೇಗ ಮುಟ್ಟಿಸುತ್ತದೆ. ಒಂದೂವರೆ ಲಕ್ಷ ಪೂರ್ತಿ ಸೈಕಲ್ಲಿಗೇ ಸುರಿಯಬೇಡಿ. ಒಳ್ಳೆಯ ಟೈರ್, ಸೀಟು, ಚಡ್ಡಿ, ಲೈಟು, ಗೊತ್ತಿರುವವರಿಂದ ಒಂದು ಬೈಕ್ ಫಿಟ್ (ಮೈಅಳತೆಗೆ ಸೈಕಲ್ ಹೊಂದಿಸುವುದು), ಇಷ್ಟಕ್ಕೆ ಒಂದು ಪಾಲು ಎತ್ತಿಡಿ.

ಅಂಗಡಿಗೆ ಹೋಗುವ ಮೊದಲು ಈಗಿನ ಸೈಕಲ್ಲನ್ನೇ ಒಮ್ಮೆ ತಿದ್ದಿ ನೋಡಿ ಅಂತ ನನ್ನ ಸಲಹೆ. ಸ್ಟೆಮ್ (ಹ್ಯಾಂಡಲನ್ನು ಹಿಡಿದುಕೊಳ್ಳುವ ತುಂಡು) ತಲೆಕೆಳಗೆ ತಿರುಗಿಸಿ ಹಾಕಿದರೆ ಹ್ಯಾಂಡಲ್ ಎರಡು ಮೂರು ಸೆಂಟಿಮೀಟರ್ ಮೇಲೇಳಬಹುದು, ಖರ್ಚೂ ಇಲ್ಲ. ಟೈರಿಗೂ ಫೋರ್ಕ್‌ಗೂ, ಟೈರಿಗೂ ಬ್ರೇಕಿಗೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆದು, ಸೈಕಲ್ ಮಾದರಿ ಮತ್ತು ನಿಮ್ಮ ತೂಕದ ಜೊತೆ ಇಲ್ಲೇ ಕೆಳಗೆ ಬರೆಯಿರಿ. 28 ಹಿಡಿಸುತ್ತದಾ, ಎಷ್ಟು ಗಾಳಿ ಹಾಕಬೇಕು ಅಂತ ನೋಡಿ ಹೇಳುತ್ತೇನೆ.