ಮಿಕ್ಸೆಡ್ ಮೀಡಿಯಾ ಕಲೆಗೆ ಆಧ್ಯಾತ್ಮಿಕ ಸ್ಫೂರ್ತಿ ಎಲ್ಲಿಂದ ಬರುತ್ತದೆ? ವರ್ಕ್‌ಶಾಪಿಗೆ ಸೇರಿದರೆ ಸಿಗುತ್ತದಾ?

ಐವತ್ತು ದಾಟಿದೆ, ಚಿತ್ರ ಬಿಡಿಸಲು ಬರುವುದಿಲ್ಲ, ಆದರೆ ಹಳೇ ಕಾಗದ, ಬಟ್ಟೆಚೂರು, ಬಣ್ಣ ಎಲ್ಲ ಸೇರಿಸಿ ಮಾಡಿದ ಕೆಲಸ ನೋಡಿದರೆ ಕೈ ಸುಮ್ಮನಿರುವುದಿಲ್ಲ ಅಂತ ಬರೆದಿದ್ದೀರಿ. ಈ ಕಲಾವಿದರು ಮಾತೆತ್ತಿದರೆ "ಒಳಗಿನಿಂದ ಬಂತು", "ಯಾವುದೋ ಶಕ್ತಿ ಮಾಡಿಸಿತು" ಅನ್ನುತ್ತಾರಲ್ಲ, ಅದು ನಿಜವಾ ಸುಮ್ನೆ ಮಾತಾ ಅಂತಲೂ ಕೇಳಿದ್ದೀರಿ. ವರ್ಕ್‌ಶಾಪಿಗೆ ದುಡ್ಡು ಹಾಕಬಹುದಾ ಅನ್ನುವುದು ಮೂರನೆಯ ಪ್ರಶ್ನೆ. ನಾನು ಇದೇ ಕೆಲಸ ಮಾಡಿ ಬದುಕುವವಳು. ವರ್ಕ್‌ಶಾಪನ್ನೂ ನಡೆಸುತ್ತೇನೆ. ಹಾಗಾಗಿ ಕೊನೆಯ ಪ್ರಶ್ನೆಗೆ ನನ್ನ ಉತ್ತರದಲ್ಲಿ ಸ್ವಲ್ಪ ಸ್ವಾರ್ಥ ಇದ್ದೀತು. ಅಷ್ಟನ್ನು ಕಳೆದು ಓದಿಕೊಳ್ಳಿ.

ವಯಸ್ಸಿನ ಮಾತು ಬೇಗ ಮುಗಿಸೋಣ. ಆನ್ ರಯಾನ್ ಅಂತ ಒಬ್ಬರು ಅಮೆರಿಕದ ಕಲಾವಿದೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ಕುರ್ಟ್ ಶ್ವಿಟರ್ಸ್ ಅವರ ಕೊಲಾಜ್‌ಗಳ ಪ್ರದರ್ಶನ ನೋಡಿದರು. ಆಗ ರಯಾನ್ ಅವರಿಗೆ 58 ವರ್ಷ. ಕೊಲಾಜ್ ಅಂದರೆ ಕಾಗದ, ಬಟ್ಟೆಚೂರು ಅಂಟಿಸಿ ಮಾಡುವ ಚಿತ್ರ. ಶ್ವಿಟರ್ಸ್ ಅಂದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಟ್ರಾಮ್ ಟಿಕೆಟ್ಟು, ಪೊಟ್ಟಣದ ಕಾಗದ, ಮರದ ಚೂರು ಆಯ್ದು ತಂದು ಅಂಟಿಸುತ್ತಿದ್ದವರು. ರಯಾನ್ ಅಲ್ಲಿಂದಾಚೆ ಅದನ್ನೇ ಹಿಡಿದರು. 1954ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 400 ಕೊಲಾಜ್ ಮಾಡಿದ್ದರು. ಬಹಳಷ್ಟು ಚಿಕ್ಕವು. ಸವೆದ ಬಟ್ಟೆ, ಕೈಕಾಗದ, ನೂಲಿನ ಎಳೆ ಇಷ್ಟೇ. ಅದಕ್ಕೂ ಮೊದಲು ಅವರು ಪದ್ಯ ಬರೆದಿದ್ದರು, ಪೇಂಟಿಂಗ್ ಮಾಡಿದ್ದರು, ಪ್ರಿಂಟ್ ಮಾಡಿದ್ದರು, ಅದು ಬೇರೆ ಮಾತು. ಆದರೆ ಇವತ್ತು ಅವರ ಹೆಸರು ಉಳಿದಿರುವುದು ಆ ಕೊನೆಯ ಆರು ವರ್ಷದ ಕೆಲಸದಿಂದ. ನಿಮಗೆ ಐವತ್ತು ಜಾಸ್ತಿ ಆಯಿತು ಅನ್ನಿಸುವುದಕ್ಕೆ ಕಾರಣ ಕಾಣೆ.

ದಿನಚರಿ ನೀವು ಅಂದುಕೊಂಡಷ್ಟು ಬಣ್ಣಬಣ್ಣದ್ದಲ್ಲ. ಎಷ್ಟೋ ಬೆಳಗು ಹಲಗೆಗಳಿಗೆ ಜೆಸ್ಸೋ ಬಳಿಯುವುದರಲ್ಲೇ ಕಳೆಯುತ್ತದೆ. ಸೀಮೆಸುಣ್ಣದಂಥ ಪುಡಿ ಬೆರೆತ ಬಿಳಿ ಅಕ್ರಿಲಿಕ್ (ನೀರಿನಲ್ಲಿ ಕಲಸುವ, ಒಣಗಿದರೆ ಪ್ಲಾಸ್ಟಿಕ್ಕಿನಂತಾಗುವ ಬಣ್ಣ) ಅದು. ಮೇಲೆ ಬರುವ ಬಣ್ಣಕ್ಕೂ ಅಂಟಿಗೂ ಹಿಡಿತ ಕೊಡುತ್ತದೆ. ಒಂದು ಕೋಟ್, ಒಣಗಿದ ಮೇಲೆ ಮರಳುಕಾಗದ, ಮತ್ತೆ ಒಂದು ಕೋಟ್. ಆಮೇಲೆ ಕಾಗದ ವಿಂಗಡಿಸುವುದು. ನ್ಯೂಸ್‌ಪೇಪರ್ ಅಂದರೆ ಎಲ್ಲರಿಗೂ ಆಸೆ, ಆದರೆ ಅದರಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಜಾಸ್ತಿ. ಬೆಳಕು ತಗುಲಿದರೆ ಹಳದಿಯಾಗಿ ಕೊನೆಗೆ ಮುಟ್ಟಿದರೆ ಮುರಿಯುತ್ತದೆ. ಮಾರುವ ಕೆಲಸವಾದರೆ ನಾನು ಅದನ್ನು ಆಮ್ಲವಿಲ್ಲದ ಕಾಗದದ ಮೇಲೆ ಕಾಪಿ ತೆಗೆದು ಬಳಸುತ್ತೇನೆ. ಮಧ್ಯಾಹ್ನ ಅಂದರೆ ಫೋಟೊ ತೆಗೆಯುವುದು, ಮೇಲ್‌ಗೆ ಉತ್ತರ, ಪ್ಯಾಕಿಂಗ್, ಲೆಕ್ಕ. ಕೆಲಸ ಮಾರಿ ಬರುವ ದುಡ್ಡು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ವರ್ಕ್‌ಶಾಪಿನ ದುಡ್ಡು ತಾರೀಖಿಗೆ ಸರಿಯಾಗಿ ಬರುತ್ತದೆ. ನನ್ನಂಥ ಬಹಳ ಜನ ಕಲಿಸಲು ಇಳಿಯುವುದು ಮೊದಲು ಇದಕ್ಕೇ. ವಿದ್ಯೆ ಹಂಚುವ ಉತ್ಸಾಹವೆಲ್ಲ ಆಮೇಲೆ ಬರುವಂಥದ್ದು.

ಉಳಿದ ಹೊತ್ತೆಲ್ಲ ಕಾಯುವುದು. ಒಣಗಲಿ ಅಂತ.

ನನ್ನ ಮಟ್ಟಿಗೆ ಈ ಕೆಲಸದಲ್ಲಿ ಆಧ್ಯಾತ್ಮ ಅಂತ ಏನಾದರೂ ಇದ್ದರೆ ಅದು ಈ ಕಾಯುವ ಹೊತ್ತಿನಲ್ಲೇ ಇದೆ. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಈ ಕಲೆಯಲ್ಲಿ ಪದರದ ಮೇಲೆ ಪದರ ಕೂರಬೇಕು. ಕೆಳಗಿನದು ಹಸಿ ಇರುವಾಗ ಮೇಲಿನದನ್ನು ಹಾಕಿದರೆ ಕಾಗದ ಉಬ್ಬುತ್ತದೆ, ಬಣ್ಣ ಕಲಸಿ ಮಣ್ಣಾಗುತ್ತದೆ. ಜೆಲ್ ಮೀಡಿಯಂ, ಅಂದರೆ ಅಂಟಿನ ಹಾಗೆ ಬಳಸುವ ಬಣ್ಣವಿಲ್ಲದ ಅಕ್ರಿಲಿಕ್, ಹಸಿ ಇರುವಾಗ ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ, ಕೆಳಗೆ ಏನಿದೆ ಅಂತ ಸರಿಯಾಗಿ ಕಾಣುವುದೇ ಇಲ್ಲ. ಒಣಗಿದಾಗ ಮಾತ್ರ ತಿಳಿಯಾಗುತ್ತದೆ. ದಪ್ಪ ಬಳಿದಿದ್ದರೆ ಮೇಲ್ಮೈ ಬೇಗ ಒಣಗಿದರೂ ಒಳಗೆ ದಿನಗಟ್ಟಲೆ ಹಸಿ ಇರುತ್ತದೆ. ಅಷ್ಟು ಹೊತ್ತು ಕೈಗೆ ಕೆಲಸ ಇಲ್ಲ. ಮಾಡಬೇಕು ಅನ್ನುವ ಚಡಪಡಿಕೆ ಮಾತ್ರ ಇರುತ್ತದೆ. ಆಗ ಮಾಡಲು ಉಳಿದಿರುವುದು ಒಂದೇ, ನೋಡುವುದು. ನಿನ್ನೆ ಸಂಜೆ ಅವಸರದಲ್ಲಿ ಅಂಟಿಸಿದ ಕೆಂಪು ಚೂರು ಇವತ್ತು ಬೆಳಗ್ಗೆ ಬೇರೆಯೇ ಏನೋ ಹೇಳುತ್ತಿರುತ್ತದೆ. ಅದನ್ನು ಯಾರೋ ಬಂದು ಹೇಳಿದರು ಅಂತ ಬೇಕಾದರೆ ಹೇಳಿಕೊಳ್ಳಬಹುದು. ನನಗೆ ತಕರಾರಿಲ್ಲ. ಆದರೆ ಕೂತು ನೋಡದೇ ಇದ್ದರೆ ಯಾರೂ ಬರುವುದಿಲ್ಲ.

ಇದನ್ನು ಕೈಯಲ್ಲೇ ಮಾಡಿ ನೋಡಬೇಕು ಅಂದರೆ, ಕಾಗದದ ಮೇಲಿನ ಚಿತ್ರವನ್ನು ಹಲಗೆಗೆ ಇಳಿಸುವ ಇಮೇಜ್ ಟ್ರಾನ್ಸ್‌ಫರ್ ಮಾಡಿ. ಲೇಸರ್ ಪ್ರಿಂಟರ್‌ನಲ್ಲೋ ಝೆರಾಕ್ಸ್ ಯಂತ್ರದಲ್ಲೋ ಒಂದು ಚಿತ್ರ ತೆಗೆಯಿರಿ. ಇಂಕ್‌ಜೆಟ್ ಬೇಡ, ಅದರ ಶಾಯಿ ಸಾಮಾನ್ಯವಾಗಿ ನೀರಿಗೆ ಹರಡಿಬಿಡುತ್ತದೆ. ಲೇಸರ್‌ನ ಟೋನರ್ ಪ್ಲಾಸ್ಟಿಕ್ಕಿನ ಪುಡಿ, ಅಕ್ರಿಲಿಕ್‌ಗೆ ಗಟ್ಟಿಯಾಗಿ ಹತ್ತುತ್ತದೆ. ಹಲಗೆಗೆ ಜೆಲ್ ಬಳಿದು ಚಿತ್ರವನ್ನು ಬೋರಲು ಹಾಕಿ ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತಿ, ಗಾಳಿಗುಳ್ಳೆ ಉಳಿಯಬಾರದು. ರಾತ್ರಿಯಿಡೀ ಬಿಡಿ. ಬೆಳಗ್ಗೆ ಕಾಗದದ ಬೆನ್ನಿಗೆ ನೀರು ಸವರಿ ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿ. ಕಾಗದ ರಬ್ಬರಿನ ಪುಡಿಯ ಹಾಗೆ ಸುರುಳಿಸುರುಳಿಯಾಗಿ ಎದ್ದು ಬರುತ್ತದೆ, ಅಡಿಯಲ್ಲಿ ಚಿತ್ರ ಕಾಣಿಸುತ್ತದೆ, ಎಡ ಬಲ ಅದಲುಬದಲಾಗಿ. ಖುಷಿಯಾಗಿ ಬಿಟ್ಟರೆ, ಒಣಗಿದ ಮೇಲೆ ಮತ್ತೆ ಬೆಳ್ಳಗೆ ಮಸುಕು. ಕಾಗದದ ನಾರು ಇನ್ನೂ ಉಳಿದಿದೆ ಅಂತ ಅರ್ಥ. ಮತ್ತೆ ನೀರು, ಮತ್ತೆ ಬೆರಳು. ಜಾಸ್ತಿ ಒತ್ತಿದರೆ ಚಿತ್ರವೇ ಕಿತ್ತು ಬರುತ್ತದೆ, ಕಮ್ಮಿ ಒತ್ತಿದರೆ ಮಸುಕು ಹೋಗುವುದಿಲ್ಲ. ಕೊನೆಗೆ ಉಳಿದ ತೆಳು ಮಸುಕಿನ ಮೇಲೆ ಒಂದು ತೆಳು ಕೋಟ್ ಮೀಡಿಯಂ ಎಳೆದರೆ ಅದೂ ಮಾಯ. ಈ ಕೆಲಸದ ಮಧ್ಯೆ ಬೇರೆ ಏನನ್ನೂ ಯೋಚಿಸಲು ಆಗುವುದಿಲ್ಲ. ಮನಸ್ಸೆಲ್ಲ ಬೆರಳ ತುದಿಗೆ ಬಂದಿರುತ್ತದೆ. ಧ್ಯಾನ ಅಂತ ಕರೆಯುವುದಕ್ಕೆ ನನಗೆ ಮುಜುಗರ, ಆದರೆ ಬೇರೆ ಹೆಸರೂ ಗೊತ್ತಿಲ್ಲ.

"ಹಾಗಾದರೆ ನಿಜವಾಗಿ ದನಿ ಕೇಳಿಸಿಕೊಂಡವರು?" ಅಂತ ನೀವು ಕೇಳಬಹುದು. ಇದ್ದಾರೆ. ಹಿಲ್ಮಾ ಆಫ್ ಕ್ಲಿಂಟ್ ಅನ್ನುವ ಸ್ವೀಡನ್ನಿನ ಚಿತ್ರಕಾರ್ತಿ ಕೆಲವು ಗೆಳತಿಯರ ಜೊತೆ ಕೂತು ಆತ್ಮಗಳ ಜೊತೆ ಮಾತಾಡುವ ಪ್ರಯತ್ನ ಮಾಡುತ್ತಿದ್ದರು. ಅಲ್ಲಿ ಬಂದ ಅಪ್ಪಣೆಯಂತೆ ಒಂದು ದೇವಾಲಯಕ್ಕಾಗಿ ಚಿತ್ರಗಳನ್ನು ಶುರು ಮಾಡಿದ್ದಾಗಿ ಅವರೇ ಬರೆದಿಟ್ಟಿದ್ದಾರೆ. 1906ರಿಂದ 1915ರವರೆಗೆ ಒಟ್ಟು 193 ಕೆಲಸ. ಕೆಲವಂತೂ ಮೂರು ಮೀಟರಿಗಿಂತ ಎತ್ತರ. 1944ರಲ್ಲಿ ತೀರಿಕೊಂಡರು. ಸತ್ತ ಮೇಲೂ 20 ವರ್ಷ ಇವನ್ನು ಯಾರಿಗೂ ತೋರಿಸಬೇಡಿ ಅಂದಿದ್ದರು. ಜನ ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕೆ ಮುಂಚಿನ ಭಾಗ. ಅವರು ಸ್ಟಾಕ್‌ಹೋಮಿನ ರಾಯಲ್ ಅಕಾಡೆಮಿಯಲ್ಲಿ ಓದಿ 1887ರಲ್ಲಿ ಹೊರಬಂದವರು. ಆಮೇಲೆ ವರ್ಷಗಟ್ಟಲೆ ನಿಸರ್ಗದೃಶ್ಯ, ಭಾವಚಿತ್ರ, ಗಿಡಗಳ ಚಿತ್ರ ಬಿಡಿಸುತ್ತಿದ್ದರು. ಎಲೆ ಹೇಗೆ ತಿರುಗುತ್ತದೆ ಅಂತ ಕೈಗೆ ಗೊತ್ತಿತ್ತು. ದನಿ ಬಂದಾಗ ಕೈ ತಯಾರಾಗಿತ್ತು. ಇನ್ನೊಂದು, 1908ರಿಂದ 1912ರವರೆಗೆ ಆ ಸರಣಿ ನಿಂತೇ ಹೋಗಿತ್ತು. ಅಪ್ಪಣೆ ಬಂದವರಿಗೇ ನಾಲ್ಕು ವರ್ಷ ಬಿಡುವು ಬೇಕಾಯಿತು. ವಾರಾಂತ್ಯದ ಶಿಬಿರದಲ್ಲಿ ನಮಗೆ ಬರಲಿಲ್ಲ ಅಂತ ಬೇಜಾರಾಗುವುದು ಬೇಡ.

ಭಕ್ತಿ ಇದ್ದರೇನೇ ಇಂಥ ಕೆಲಸ ಅಂತಲೂ ಇಲ್ಲ. ಇದರಲ್ಲಿ ನನಗೆ ತಮಾಷೆ ಅನ್ನಿಸುವ ಒಂದು ಜೋಡಿ ಇದೆ. ಫ್ರಾನ್ಸಿನ ಚಿತ್ರಕಾರ ಮತೀಸ್ ದೊಡ್ಡ ಭಕ್ತ ಅಂತ ಹೆಸರಾದವರಲ್ಲ. 1941ರ ದೊಡ್ಡ ಆಪರೇಷನ್ ಆದ ಮೇಲೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲು ಕಷ್ಟವಾಗಿ, ಬಣ್ಣ ಬಳಿದ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸುವುದಕ್ಕೆ ಹೊರಳಿದರು. ಆ ಕಾಗದದ ಆಕಾರಗಳೇ 1951ರಲ್ಲಿ ಮುಗಿದ, ಫ್ರಾನ್ಸಿನ ವಾನ್ಸ್‌ನ ಪ್ರಾರ್ಥನಾಮಂದಿರದ ಬಣ್ಣದ ಗಾಜಾದವು. ಇನ್ನೊಂದು ಕಡೆ ಕೊರೀಟಾ ಕೆಂಟ್. ಅವರು ಲಾಸ್ ಏಂಜಲಿಸ್‌ನಲ್ಲಿ ಕ್ರೈಸ್ತ ಸನ್ಯಾಸಿನಿ, ಕಾಲೇಜಿನಲ್ಲಿ ಕಲೆಯ ಟೀಚರ್. ಅವರು ಸ್ಫೂರ್ತಿ ಹುಡುಕಿದ್ದು ಎಲ್ಲಿ? ಜಾಹೀರಾತಿನ ಅಕ್ಷರಗಳಲ್ಲಿ, ಬ್ರೆಡ್ಡಿನ ಪೊಟ್ಟಣದಲ್ಲಿ, ರಸ್ತೆಯ ಬೋರ್ಡುಗಳಲ್ಲಿ. ಭಕ್ತರಲ್ಲದವರು ಮಂದಿರ ಮಾಡಿದರು, ಸನ್ಯಾಸಿನಿ ಅಂಗಡಿಬೀದಿಗೆ ಹೋದರು! ಕೊರೀಟಾ 1968ರಲ್ಲಿ ಆ ಸನ್ಯಾಸಿನಿಯರ ಸಂಘ ಬಿಟ್ಟು ಹೊರಬಂದರು, ಕೆಲಸ ಬಿಡಲಿಲ್ಲ.

ಅವರು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಒಂದು ಅಭ್ಯಾಸ ನಾನೂ ಕಲಿಸುತ್ತೇನೆ. ಒಂದು ರಟ್ಟಿನ ಚೂರಿನ ನಡುವೆ ಚಿಕ್ಕ ಕಿಟಕಿ ಕತ್ತರಿಸಿ. ಅದನ್ನು ಕಣ್ಣಿಗೆ ಹಿಡಿದು ಎದುರಿಗಿರುವ ಏನನ್ನಾದರೂ ನೋಡಿ. ಗೋಡೆಯ ಬಿರುಕು, ಬಟ್ಟೆಯ ಮಡಿಕೆ, ಹಳೇ ಪೋಸ್ಟರಿನ ಹರಿದ ಮೂಲೆ. ಪೂರ್ತಿ ವಸ್ತು ಕಾಣದೆ ಒಂದು ತುಂಡು ಮಾತ್ರ ಕಂಡಾಗ ಅದರ ಹೆಸರು ಮರೆತುಹೋಗುತ್ತದೆ, ಬಣ್ಣ ಮತ್ತು ಗೆರೆ ಉಳಿಯುತ್ತದೆ. "ನನಗೆ ಚಿತ್ರ ಬಿಡಿಸಲು ಬರುವುದಿಲ್ಲ" ಅಂದಿರಲ್ಲ, ನಿಮಗೆ ಬೇಕಾಗಿರುವುದು ಇದು. ಕೊಲಾಜ್‌ನಲ್ಲಿ ಬಿಡಿಸುವುದಕ್ಕಿಂತ ಆಯುವುದು ಜಾಸ್ತಿ.

ಈಗ ವರ್ಕ್‌ಶಾಪಿನ ಮಾತು. ಎರಡು ಗಂಟೆಯ ವರ್ಕ್‌ಶಾಪುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ, ನಡೆಸಿದ್ದೇನೆ ಆದರೂ. ಎಲ್ಲರೂ ಮನೆಗೆ ಹೋಗುವಾಗ ಕೈಯಲ್ಲಿ ಮುಗಿದ ಕೆಲಸ ಇರಬೇಕು ಅನ್ನುವುದು ಅಲ್ಲಿನ ಅಲಿಖಿತ ನಿಯಮ. ಆದ್ದರಿಂದ ಕಾಯುವ ಭಾಗವನ್ನು ಮೊದಲು ಕತ್ತರಿಸುತ್ತಾರೆ. ಹೀಟ್ ಗನ್ ಹಿಡಿದು ಪದರ ಒಣಗಿಸುತ್ತಾರೆ, ಮೊದಲೇ ಕತ್ತರಿಸಿಟ್ಟ ಕಾಗದ ಹಂಚುತ್ತಾರೆ. ಹತ್ತು ಜನ ಹೋಗಿ ಹತ್ತು ಒಂದೇ ಥರದ ಹಲಗೆ ತರುತ್ತಾರೆ. ಮೋಜು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಕೇಳಿದ ಆ ಇನ್ನೊಂದು ವಿಷಯ ಅಲ್ಲಿ ಸಿಗುವುದಿಲ್ಲ. ಕಮ್ಮಿ ಅಂದರೆ ಎರಡು ದಿನದ್ದಿರಲಿ. ನಡುವೆ ಒಂದು ರಾತ್ರಿ ಇರಬೇಕು. ಮರುದಿನ ಬಂದು ತಮ್ಮದೇ ಕೆಲಸವನ್ನು ಗುರುತು ಸಿಗದವರ ಹಾಗೆ ನೋಡುತ್ತಾರಲ್ಲ, ಕಲಿಯುವುದು ಆಗ.

"ಚಿಕಿತ್ಸೆ", "ಹೀಲಿಂಗ್" ಅಂತ ಬೋರ್ಡು ಹಾಕಿದ ಶಿಬಿರಗಳ ಬಗ್ಗೆ ಸ್ವಲ್ಪ ಎಚ್ಚರ. ಆರ್ಟ್ ಥೆರಪಿ ಅನ್ನುವುದು ಬೇರೆಯೇ ತರಬೇತಿ, ಬೇರೆಯೇ ವೃತ್ತಿ. ನನ್ನಂಥವರಿಗೆ ಅದರ ಅರ್ಹತೆ ಇಲ್ಲ. ನನ್ನ ವರ್ಕ್‌ಶಾಪಿನಲ್ಲೂ ಒಂದು ಅಭ್ಯಾಸ ಇದೆ. ಖಾಲಿ ಹಲಗೆಯ ಮೇಲೆ ಯಾರಿಗೂ ಹೇಳದ ಒಂದು ಮಾತನ್ನು ಪೆನ್ಸಿಲಿನಲ್ಲಿ ಬರೆಯಿರಿ, ಆಮೇಲೆ ಅದರ ಮೇಲೆ ಜೆಸ್ಸೋ ಎಳೆಯಿರಿ ಅನ್ನುತ್ತೇನೆ. ಕೆಲವರು ಪ್ರಾರ್ಥನೆ ಬರೆಯುತ್ತಾರೆ, ಕೆಲವರು ಬೈಗುಳ. ಒಬ್ಬರು ಬರೀ ಒಂದು ಫೋನ್ ನಂಬರ್ ಬರೆದು ಬಹಳ ಹೊತ್ತು ಬ್ರಶ್ ಹಿಡಿದು ಕೂತಿದ್ದರು. ನಾನು ಓದುವುದಿಲ್ಲ, ಕೇಳುವುದಿಲ್ಲ, ಪಕ್ಕದವರಿಗೆ ಹೇಳಿ ಅಂತ ಒತ್ತಾಯವನ್ನೂ ಮಾಡುವುದಿಲ್ಲ. ಮೇಲೆ ಎಷ್ಟು ಪದರ ಬಂದರೂ ಅಡಿಯಲ್ಲಿ ಅದು ಇದೆ ಅಂತ ಅವರಿಗೆ ಗೊತ್ತಿರುತ್ತದೆ, ಕೆಲಸಕ್ಕೆ ಅದರಿಂದ ಒಂದು ತೂಕ ಬರುತ್ತದೆ. ಎಲ್ಲರೂ ಸುತ್ತ ಕೂತು ಅಳಬೇಕು, ಹಂಚಿಕೊಳ್ಳಬೇಕು ಅನ್ನುವ ಕಡೆ ನಿಮಗೆ ಕಸಿವಿಸಿ ಆದರೆ ಎದ್ದು ಬನ್ನಿ, ತಪ್ಪಿಲ್ಲ.

ಸೇರುವ ಮುಂಚೆ ಕಲಿಸುವವರಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "ಮೊದಲ ಪದರ ಒಣಗುವವರೆಗೆ ನಾವು ಏನು ಮಾಡುತ್ತಿರುತ್ತೇವೆ?" "ಡ್ರೈಯರ್ ಇದೆ, ಚಿಂತೆ ಬೇಡ" ಅಂದರೆ ಒಂದು ಥರದ ವರ್ಕ್‌ಶಾಪು. ಇನ್ನೊಂದು ಹಲಗೆ ಶುರು ಮಾಡುತ್ತೇವೆ, ಒಬ್ಬರದನ್ನೊಬ್ಬರು ನೋಡುತ್ತೇವೆ, ಹೊರಗೆ ಹೋಗಿ ಚೂರುಪಾರು ಆಯ್ದುಕೊಂಡು ಬರುತ್ತೇವೆ ಅಂದರೆ ಇನ್ನೊಂದು ಥರದ್ದು. ಸಾಮಾನಿನ ಪಟ್ಟಿ ಎರಡು ಪುಟ ಕಳಿಸಿದರೆ ಎಲ್ಲ ಕೊಳ್ಳಲು ಹೋಗಬೇಡಿ. ಮೂರು ಬಣ್ಣ, ಬಿಳಿ, ಒಂದು ಡಬ್ಬಿ ಜೆಲ್, ಒಳ್ಳೆ ಕತ್ತರಿ ಇದ್ದರೆ ಎರಡು ದಿನಕ್ಕೆ ಸಾಕು. ಉಳಿದದ್ದು ನಿಮ್ಮ ಮನೆಯ ಡ್ರಾಯರಿನಲ್ಲೇ ಇರುತ್ತದೆ. ಹಳೇ ಎಣ್ಣೆಬಣ್ಣದ ಟ್ಯೂಬು ಇದೆ, ಬಳಸಲಾ ಅಂತ ಕೆಲವರು ಕೇಳುತ್ತಾರೆ. ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಎಣ್ಣೆಬಣ್ಣ ಹಾಕಬಹುದು. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಕಾಲಕ್ರಮದಲ್ಲಿ ಸಿಪ್ಪೆ ಎದ್ದು ಬರುತ್ತದೆ.