ಮುಚ್ಚಳ ಮುಚ್ಚಿದರೆ ಮಲಗಿತೆಂದು ಅರ್ಥವೇ?

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕಿಸಿಕೊಂಡಿದ್ದೇನೆ. 8 ಜಿಬಿ ರ್‍ಯಾಮ್ ಇದೆ. ಬೆಳಿಗ್ಗೆ ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಕೆಂಗೇರಿಯಲ್ಲಿ ಮೆಟ್ರೊ ಹತ್ತುತ್ತೇನೆ. ಇಂದಿರಾನಗರದಲ್ಲಿ ಇಳಿಯುವಾಗ ಚೀಲ ಬಿಸಿಯಾಗಿರುತ್ತದೆ. ಶೇ 90ರಷ್ಟಿದ್ದ ಬ್ಯಾಟರಿ ಮೂರನೆಯ ಪೀರಿಯಡ್ ಹೊತ್ತಿಗೆ ಶೇ 55ಕ್ಕೆ ಇಳಿದಿರುತ್ತದೆ. ಕರ್ನಲ್ಲನ್ನೇ ಹೊಸದಾಗಿ ಕಂಪೈಲ್ ಮಾಡಬೇಕೆಂದು ಪರಿಚಯದವರೊಬ್ಬರು ಹೇಳಿದರು. ನನ್ನಿಂದ ಆಗುವ ಕೆಲಸವೇ ಅದು?
— ಶಿಕ್ಷಕಿ, ಕೆಂಗೇರಿ ಉಪನಗರ

ಉತ್ತರ: ಖಂಡಿತ ಆಗುವ ಕೆಲಸ, ಆದರೆ ನಿಮಗೆ ಅದರ ಅಗತ್ಯವಿಲ್ಲ. ಕರ್ನಲ್ ಎಂದರೆ ಯಂತ್ರದ ಬಿಡಿಭಾಗಗಳನ್ನೆಲ್ಲ ನಡೆಸುವ ಲಿನಕ್ಸ್ ತಿರುಳು, ಕಂಪೈಲ್ ಎಂದರೆ ಅದನ್ನು ಮೂಲ ಬರಹದಿಂದ ಹೊಸದಾಗಿ ಕಟ್ಟುವುದು. ಎಲ್ಲರೂ ಬಳಸುವ ಲಿನಕ್ಸ್ ಆವೃತ್ತಿಗಳ ಕರ್ನಲ್‌ನಲ್ಲಿ ನಿದ್ರೆಯ ಸೌಲಭ್ಯ ಮೊದಲೇ ಇರುತ್ತದೆ. ನಿಮ್ಮ ಯಂತ್ರ ಯಾವ ನಿದ್ರೆಗೆ ಹೋಗುತ್ತಿದೆ, ಹೋಗುತ್ತಿದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಚೀಲ ಬಿಸಿಯಾಗುತ್ತದೆ ಎಂದು ಬರೆದಿರಲ್ಲ, ಅದೇ ದೊಡ್ಡ ಸುಳಿವು. ಸರಿಯಾಗಿ ಮಲಗಿದ ಲ್ಯಾಪ್‌ಟಾಪ್ ತಣ್ಣಗಿರುತ್ತದೆ.

ನಿದ್ರೆಯಲ್ಲಿ ಮುಖ್ಯವಾಗಿ ಮೂರು ಬಗೆ. ಎಸಿಪಿಐ ಎಂಬ ಮಾನದಂಡ 1996ರಲ್ಲಿ ಬಂತು. ಅದರ ಭಾಷೆಯಲ್ಲಿ ಎಸ್3 ಎಂದರೆ ಪ್ರೊಸೆಸರ್ ಆರಿ, ರ್‍ಯಾಮ್‌ಗೆ ಮಾತ್ರ ಸಣ್ಣಗೆ ವಿದ್ಯುತ್ ಹರಿಯುವ ಸ್ಥಿತಿ. ರ್‍ಯಾಮ್‌ನ ಒಂದೊಂದು ಬಿಟ್ಟೂ ಸೋರುವ ಪುಟ್ಟ ಕೆಪಾಸಿಟರಿನಲ್ಲಿ ಇರುವುದರಿಂದ ಮತ್ತೆ ಮತ್ತೆ ತುಂಬುತ್ತಲೇ ಇರಬೇಕು. ಎಸ್4 ಎಂದರೆ ಹೈಬರ್ನೇಟ್: ರ್‍ಯಾಮ್‌ನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಹೋಗುವುದು. ಮೂರನೆಯದು ಲಿನಕ್ಸ್‌ನಲ್ಲಿ ಎಸ್‌2ಐಡಲ್ ಎಂದು ಕರೆಯುವ ಕೋಳಿನಿದ್ರೆ. ಇದರಲ್ಲಿ ಕಾರ್ಯಕ್ರಮಗಳು ಸ್ತಬ್ಧವಾಗುತ್ತವೆ, ಬಿಡಿಭಾಗಗಳು ಒಂದೊಂದಾಗಿ ಮಲಗುತ್ತವೆ, ಪ್ರೊಸೆಸರ್ ಆರದೆ ಸುಮ್ಮನೆ ಕಾಯುತ್ತದೆ. ಯಾವುದೋ ಒಂದು ಭಾಗದ ಚಾಲಕ ತಂತ್ರಾಂಶ ಹಟ ಹಿಡಿದರೂ ಪ್ರೊಸೆಸರ್ ಆಳಕ್ಕೆ ಇಳಿಯುವುದಿಲ್ಲ. ನಿಮ್ಮ ಚೀಲದ ಬಿಸಿಗೆ ಬಹುಶಃ ಇದೇ ಕಾರಣ.

ಈಗ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಬೆರಳಚ್ಚಿಸುವ ಕಿಟಕಿ, ತೆರೆಯಿರಿ. 'ಸಿಸ್' ಕೋಶದೊಳಗೆ 'ಪವರ್', ಅದರೊಳಗೆ 'ಮೆಮ್_ಸ್ಲೀಪ್' ಎಂಬ ಕಡತವಿದೆ. 'ಕ್ಯಾಟ್' ಆಜ್ಞೆಯಿಂದ ಅದನ್ನು ಓದಿ. 'ಎಸ್‌2ಐಡಲ್', 'ಡೀಪ್' ಎಂಬ ಎರಡು ಪದಗಳು ಕಂಡರೆ, ಚೌಕ ಆವರಣದೊಳಗೆ ಇರುವುದೇ ಈಗ ಜಾರಿಯಲ್ಲಿರುವುದು. 'ಡೀಪ್' ಎಂದರೆ ಎಸ್3. ಲ್ಯಾಪ್‌ಟಾಪ್ ತಯಾರಕರು ಯಂತ್ರದೊಳಗೇ ಹಾಕಿಟ್ಟ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ಕೋಳಿನಿದ್ರೆಗೆ ಒಲವು ತೋರಿಸಿದ್ದರೆ ಕರ್ನಲ್ ಅದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುತ್ತದೆ.

ಬಳಿಕ ಕರ್ನಲ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆಯಲ್ಲಿ 'ಸಸ್ಪೆಂಡ್ ಎಂಟ್ರಿ' ಎಂಬ ಸಾಲನ್ನು ಹುಡುಕಿ. ಮೆಟ್ರೊ ಹತ್ತಿದ ಹೊತ್ತಿನಲ್ಲಿ ಆ ಸಾಲೇ ಇಲ್ಲವಾದರೆ ಯಂತ್ರ ಮಲಗಿಯೇ ಇಲ್ಲ. ಆಗ ಸರಿಪಡಿಸಬೇಕಾದದ್ದು ಮುಚ್ಚಳದ ಸೆಟ್ಟಿಂಗ್. ಸಾಲು ಇದ್ದು, ಕೆಲವೇ ನಿಮಿಷದಲ್ಲಿ ಎದ್ದ ದಾಖಲೆಯೂ ಇದ್ದರೆ ಯಾರೋ ಎಬ್ಬಿಸುತ್ತಿದ್ದಾರೆ. ನಿಸ್ತಂತು ಮೌಸ್‌ನ ರಿಸೀವರನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು, ಮೌಸನ್ನೂ ಅದೇ ಚೀಲಕ್ಕೆ ಹಾಕುತ್ತೀರಾ? ರೈಲಿನ ಕುಲುಕಾಟಕ್ಕೆ ಅದು ಅಲುಗಿದರೂ ಸಾಕು. ಮೌಸ್ ಆರಿಸಿಡಿ.

ಎರಡು ಪದಗಳೂ ಕಂಡರೆ ಸುಡೊ (ನಿರ್ವಾಹಕ) ಅಧಿಕಾರದಿಂದ ಅದೇ ಕಡತಕ್ಕೆ 'ಡೀಪ್' ಎಂದು ಬರೆಯಿರಿ. ರಾತ್ರಿ ಮಲಗುವ ಮುನ್ನ ಶೇಕಡಾವಾರು ಬ್ಯಾಟರಿ ಗುರುತು ಹಾಕಿಕೊಂಡು, ಮುಚ್ಚಳ ಮುಚ್ಚಿ, ಬೆಳಿಗ್ಗೆ ನೋಡಿ. ಪರದೆ ಬೆಳಗಬೇಕು, ವೈಫೈ ಸೇರಬೇಕು, ಧ್ವನಿ ಬರಬೇಕು. ಪರೀಕ್ಷೆ ಶನಿವಾರ ರಾತ್ರಿಗೆ ಇರಲಿ, ಮರುದಿನ ತರಗತಿ ಇರುವ ರಾತ್ರಿ ಬೇಡ. ಒಪ್ಪಿಗೆಯಾದ ಮೇಲೆ ಲಿನಕ್ಸನ್ನು ಚಾಲೂ ಮಾಡುವ ತಂತ್ರಾಂಶವಾದ ಗ್ರಬ್‌ನ ಸಂರಚನಾ ಕಡತದಲ್ಲಿ ಕರ್ನಲ್ಲಿಗೆ ಹೋಗುವ ಸಾಲಿಗೆ 'ಮೆಮ್_ಸ್ಲೀಪ್_ಡಿಫಾಲ್ಟ್' ಎಂದು ಬರೆದು, ಸಮ ಚಿಹ್ನೆ ಹಾಕಿ, 'ಡೀಪ್' ಎಂದು ಸೇರಿಸಿ ಗ್ರಬ್ಬನ್ನು ನವೀಕರಿಸಿ. ಇಲ್ಲದಿದ್ದರೆ ಮರುಚಾಲನೆಯಾದೊಡನೆ ಹಳೆಯದೇ ಬರುತ್ತದೆ.

'ಡೀಪ್' ಇಲ್ಲದೆ ಒಂದೇ ಪದ ಕಂಡರೆ ಬಯಾಸ್ (ಯಂತ್ರ ಹೊತ್ತಿದೊಡನೆ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಸ್ಲೀಪ್ ಸ್ಟೇಟ್' ಎಂಬಲ್ಲಿ ವಿಂಡೋಸ್, ಲಿನಕ್ಸ್ ಎಂಬ ಆಯ್ಕೆ ಇರುತ್ತದೆ. ಅಲ್ಲೂ ಇಲ್ಲವಾದರೆ ನಿಮಗೆ ಉಳಿಯುವುದು ಹೈಬರ್ನೇಟ್. ದಿನಕ್ಕೆ ಎರಡು ಬಾರಿ ಚೀಲದಲ್ಲಿ ಓಡಾಡುವ ಯಂತ್ರಕ್ಕೆ ನಾನು ಇದನ್ನೇ ಹೇಳುವುದು. ಏಳಲು ತುಸು ಹೊತ್ತು ಹಿಡಿಯುತ್ತದೆ, ಆದರೆ ಬ್ಯಾಟರಿಯನ್ನು ತಿನ್ನುವುದಿಲ್ಲ. ಹೀಗೆ ಬರೆದಿಡಲು ಡಿಸ್ಕಿನಲ್ಲಿ ಮೀಸಲಿಡುವ ಸ್ವಾಪ್ ಜಾಗ ನಿಮ್ಮ ರ್‍ಯಾಮ್‌ನಷ್ಟು, ಅಂದರೆ 8 ಜಿಬಿ ಇರಲಿ. ಆ ಜಾಗ ಎಲ್ಲಿದೆಯೆಂದು ಕರ್ನಲ್ಲಿಗೆ 'ರೆಸ್ಯೂಮ್' ಎಂಬ ನಿಯತಾಂಕದಿಂದ ತಿಳಿಸಬೇಕು. ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಚಾಲೂ ಆಗಲು ಬಿಡುವ ಕಾವಲು) ಜಾರಿಯಲ್ಲಿದ್ದು ಕರ್ನಲ್ ಲಾಕ್‌ಡೌನ್ ಸ್ಥಿತಿಯಲ್ಲಿದ್ದರೆ ಹೈಬರ್ನೇಟ್ ನಡೆಯುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಹೈಬರ್ನೇಟ್ ಆದ ಯಂತ್ರದ ಡಿಸ್ಕನ್ನು ಬೇರೆ ಕಾರ್ಯಾಚರಣ ವ್ಯವಸ್ಥೆಯಿಂದ ತೆರೆದು ಬರೆಯಬಾರದು. ಎದ್ದ ಕರ್ನಲ್ ತನ್ನ ನೆನಪಿನಲ್ಲಿರುವ ಡಿಸ್ಕಿನ ಚಿತ್ರವನ್ನೇ ನಂಬುತ್ತದೆ. ನಡುವೆ ಆದ ಬದಲಾವಣೆ ಅದಕ್ಕೆ ತಿಳಿಯದು. ಹೀಗೊಮ್ಮೆ ನಾನು ಹೈಬರ್ನೇಟ್ ಆಗಿದ್ದ ಲಿನಕ್ಸ್‌ನ ಡಿಸ್ಕಿಗೆ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿದ ಇನ್ನೊಂದು ಲಿನಕ್ಸ್ ಮೂಲಕ ಕೆಲವು ಚಿತ್ರಗಳನ್ನು ಹಾಕಿದೆ. ನನ್ನ ತಾಯಿಯ ಬಾಯಿಂದ ಬರೆದುಕೊಂಡಿದ್ದ ಸೋಬಾನೆ ಪದಗಳಿದ್ದ ಕೋಶ ಮತ್ತೆ ತೆರೆಯಲಿಲ್ಲ. ಅರ್ಧದಷ್ಟನ್ನು ಅವರಿಂದ ಮತ್ತೆ ಕೇಳಿ ಬರೆದೆ. ಉಳಿದರ್ಧ ಅವರಿಗೂ ನೆನಪಿರಲಿಲ್ಲ.

ಪ್ರಶ್ನೆ: ಮಲ್ಲೇಶ್ವರದಲ್ಲಿ ನನ್ನದು ಪುಟ್ಟ ಡಿಟಿಪಿ ಅಂಗಡಿ. ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತದೆ. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ಊಟಕ್ಕೆ ಹೋಗುವಾಗ ಕಂಪ್ಯೂಟರನ್ನು ಮಲಗಿಸಿ ಹೋದರೆ, ಬರುವಷ್ಟರಲ್ಲಿ ತೆರೆದಿಟ್ಟ ಲಗ್ನಪತ್ರಿಕೆಗಳೆಲ್ಲ ಮಾಯ. ಉಪಾಯವುಂಟೇ?
— ಅಂಗಡಿಯವರು, ಮಲ್ಲೇಶ್ವರ

ಉತ್ತರ: ಉಂಟು, ನಿಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ. ನೀವು ಬಳಸುತ್ತಿರುವುದು ರ್‍ಯಾಮ್ ನಿದ್ರೆ. ಯುಪಿಎಸ್ ಬರಿದಾದ ಕ್ಷಣ ರ್‍ಯಾಮ್ ಖಾಲಿ. ಅದರ ಬದಲು 'ಹೈಬ್ರಿಡ್ ಸ್ಲೀಪ್' ಆರಿಸಿ. ಕರ್ನಲ್ ಮೊದಲು ಎಲ್ಲವನ್ನೂ ಸ್ವಾಪ್‌ಗೆ ಬರೆದಿಡುತ್ತದೆ, ಆಮೇಲೆ ರ್‍ಯಾಮ್ ನಿದ್ರೆಗೆ ಹೋಗುತ್ತದೆ. ಕರೆಂಟ್ ಇದ್ದರೆ ಥಟ್ಟನೆ ಏಳುತ್ತದೆ. ಹೋಗಿದ್ದರೆ ಡಿಸ್ಕಿನಿಂದ ಎತ್ತಿಕೊಂಡು ಏಳುತ್ತದೆ. ಎರಡರಲ್ಲೂ ಪತ್ರಿಕೆಗಳು ತೆರೆದಿದ್ದಲ್ಲೇ ಇರುತ್ತವೆ. 'ಸಿಸ್ಟಂಸಿಟಿಎಲ್ ಹೈಬ್ರಿಡ್-ಸ್ಲೀಪ್' ಎಂಬ ಆಜ್ಞೆ ಸಾಕು. ಮೇಲೆ ಶಿಕ್ಷಕಿಯವರಿಗೆ ಹೇಳಿದ ಸ್ವಾಪ್ ಏರ್ಪಾಡು ನಿಮಗೂ ಬೇಕು. ಆದರೂ ಊಟಕ್ಕೆ ಏಳುವ ಮುನ್ನ ಸೇವ್ ಮಾಡುವುದನ್ನು ಬಿಡಬೇಡಿ. ಮದುವೆಯ ಮನೆಯವರ ಒಪ್ಪಿಗೆ ಪಡೆದ ಪ್ರೂಫ್ ಅದು.

ಪ್ರಶ್ನೆ: ಕರ್ನಲ್ಲನ್ನು ನಾನೇ ಕಂಪೈಲ್ ಮಾಡಲು ಕಲಿಯುತ್ತಿದ್ದೇನೆ. ವಿದ್ಯುತ್ ನಿರ್ವಹಣೆಯಲ್ಲಿ ಏನೇನು ಆರಿಸಬೇಕು?
— ವಿದ್ಯಾರ್ಥಿ, ಬಸವನಗುಡಿ

ಉತ್ತರ: ಬಹಳ ಸಂತೋಷವಾಯಿತು. ಖಾಲಿ ಹಾಳೆಯಿಂದ ಶುರು ಮಾಡಬೇಡ. ಈಗ ಓಡುತ್ತಿರುವ ಕರ್ನಲ್‌ನ ಸಂರಚನಾ ಕಡತ 'ಬೂಟ್' ಕೋಶದಲ್ಲಿರುತ್ತದೆ, ಅದನ್ನೇ ನಕಲು ಮಾಡಿಕೊ. 'ಮೇಕ್ ಮೆನುಕಾನ್ಫಿಗ್' ಕೊಟ್ಟು 'ಪವರ್ ಮ್ಯಾನೇಜ್‌ಮೆಂಟ್ ಅಂಡ್ ಎಸಿಪಿಐ ಆಪ್ಷನ್ಸ್' ಎಂಬ ಭಾಗಕ್ಕೆ ಹೋಗು. ಸಸ್ಪೆಂಡ್, ಹೈಬರ್ನೇಶನ್, ಎಸಿಪಿಐ ಇರಲಿ. ಪ್ರೊಸೆಸರ್ ವೇಗ ಬದಲಿಸುವುದೂ ಬಿಡುವಿನಲ್ಲಿ ಅದನ್ನು ಮಲಗಿಸುವುದೂ ಬೇರೆ ಬೇರೆ ಆಯ್ಕೆಗಳು, ಎರಡೂ ಇರಲಿ. ಹಳೆಯ ಕರ್ನಲ್ಲನ್ನು ಗ್ರಬ್ ಪಟ್ಟಿಯಿಂದ ತೆಗೆಯಬೇಡ.

ಕಲಿಯುವವನಾದ್ದರಿಂದ ನಿನಗೆ ವಿದ್ಯುತ್ ನಿರ್ವಹಣೆಯ ದೋಷ ಹುಡುಕಲು ನೆರವಾಗುವ ಪಿಎಂ ಡೀಬಗ್ ಆಯ್ಕೆಯೂ ಬೇಕು. ಅದರಿಂದ 'ಸಿಸ್' ಒಳಗಿನ 'ಪವರ್' ಕೋಶದಲ್ಲಿ 'ಪಿಎಂ_ಟೆಸ್ಟ್' ಎಂಬ ಕಡತ ಬರುತ್ತದೆ. ಅದಕ್ಕೆ 'ಫ್ರೀಜರ್' ಎಂದು ಬರೆದು ಮಲಗಿಸಿದರೆ ಕಾರ್ಯಕ್ರಮಗಳನ್ನು ಸ್ತಬ್ಧಗೊಳಿಸುವವರೆಗೆ ಮಾತ್ರ ಹೋಗಿ ಹಿಂದಿರುಗುತ್ತದೆ. 'ಡಿವೈಸಸ್' ಎಂದರೆ ಬಿಡಿಭಾಗಗಳು ಮಲಗುವವರೆಗೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದರೆ ಯಾವ ಹಂತದಲ್ಲಿ ಯಂತ್ರ ಸಿಕ್ಕಿಬೀಳುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಆ ಕಡತಕ್ಕೆ 'ನನ್' ಎಂದು ಬರೆ. ಇಲ್ಲದಿದ್ದರೆ ಎಷ್ಟು ಸಲ ಮಲಗಿಸಿದರೂ ಐದು ಸೆಕೆಂಡ್ ಕಾದು ಮತ್ತೆ ಎದ್ದುಬಿಡುತ್ತದೆ.