ಕಿಡ್ನಿ ಕಾಯಿಲೆ ಇದ್ದವರ ಎದೆಬಡಿತ ಏಕೆ ತಪ್ಪುತ್ತದೆ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಗದಗದಿಂದ ಹುಬ್ಬಳ್ಳಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತೇವೆ. ಈಚೆಗೆ ಎದೆ ಡವಡವ ಎನ್ನುತ್ತದೆ, ನಡುವೆ ಬಡಿತ ತಪ್ಪಿದಂತಾಗುತ್ತದೆ ಎನ್ನುತ್ತಾರೆ. ಭಾನುವಾರ ರಾತ್ರಿ ಇದು ಹೆಚ್ಚು. ಕಿಡ್ನಿಗೂ ಹೃದಯಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಬಹಳ ನಿಕಟವಾದ ಸಂಬಂಧವಿದೆ. ಭಾನುವಾರ ರಾತ್ರಿ ಹೆಚ್ಚು ಎಂದು ನೀವು ಗಮನಿಸಿದ್ದೀರಲ್ಲ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಶುಕ್ರವಾರದ ಡಯಾಲಿಸಿಸ್ ಮುಗಿದ ಮೇಲೆ ನಡುವೆ ಎರಡು ದಿನ ಬಿಡುವು ಬೀಳುವುದರಿಂದ, ಮೂತ್ರದೊಡನೆ ಹೊರಹೋಗಬೇಕಾದ ಪೊಟ್ಯಾಸಿಯಂ ಮತ್ತು ನೀರು ದೇಹದಲ್ಲೇ ಉಳಿದು ಹೆಚ್ಚುತ್ತವೆ. ಇಂಥ ರೋಗಿಗಳಲ್ಲಿ ಹೃದಯ ಹಠಾತ್ತನೆ ನಿಲ್ಲುವ ಅಪಾಯ ಈ ದೀರ್ಘ ಅಂತರದ ಕೊನೆಯಲ್ಲಿಯೇ ಹೆಚ್ಚಾಗಿರುತ್ತದೆ. ಆದ್ದರಿಂದ ಮದುವೆ, ಜಾತ್ರೆ ಎಂದು ಸೋಮವಾರದ ಡಯಾಲಿಸಿಸ್ ಅನ್ನು ಎಂದಿಗೂ ಮುಂದೂಡಬೇಡಿ.

ಹೃದಯ ಮಿಡಿಯುವುದು ಅದರ ಜೀವಕೋಶಗಳ ಒಳಹೊರಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಹರಿದಾಡಿ ಹುಟ್ಟುವ ವಿದ್ಯುತ್ತಿನಿಂದ. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿರುವ ಪೊಟ್ಯಾಸಿಯಂ 6.5 ದಾಟಿದರೆ ಅದು ತುರ್ತು ಸ್ಥಿತಿ. ಹೃದಯದ ವಿದ್ಯುತ್ತನ್ನು ಗೆರೆಯಾಗಿ ದಾಖಲಿಸುವ ಇಸಿಜಿಯಲ್ಲಿ ‘ಟಿ’ ಎಂದು ಕರೆಯುವ ಅಲೆ ಚೂಪಾಗಿ ಮೇಲೇಳಬಹುದು, ಬಡಿತ ನಿಧಾನವಾಗುತ್ತ ನಿಂತೂ ಹೋಗಬಹುದು. ಡಯಾಲಿಸಿಸ್ ನಡೆಯುವಾಗ ಪೊಟ್ಯಾಸಿಯಂ ಬೇಗನೆ ಇಳಿದರೂ ಲಯ ತಪ್ಪುವುದುಂಟು; ಆಗ ಎದೆ ಡವಗುಟ್ಟಿದರೆ ಅಲ್ಲಿನ ಸಿಬ್ಬಂದಿಗೆ ಕೂಡಲೇ ಹೇಳಬೇಕು.

ಇನ್ನೊಂದು ಕಾರಣ ವರ್ಷಗಟ್ಟಲೆ ಬೆಳೆಯುವಂಥದ್ದು. ಏರಿದ ರಕ್ತದೊತ್ತಡ ಮತ್ತು ಹೆಚ್ಚುವರಿ ನೀರಿನ ಭಾರದಿಂದ ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ, ಮೇಲ್ಕೋಣೆಗಳು ಹಿಗ್ಗುತ್ತವೆ. ಹಿಗ್ಗಿದ ಮೇಲ್ಕೋಣೆ ಅಡ್ಡಾದಿಡ್ಡಿ ಅದುರತೊಡಗಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ಬೇಕೇ, ಎಷ್ಟು ಬೇಕು ಎಂಬುದನ್ನು ಕಿಡ್ನಿ ಮತ್ತು ಹೃದಯ ತಜ್ಞರಿಬ್ಬರೂ ಕೂಡಿ ನಿರ್ಧರಿಸುವುದು ಸೂಕ್ತ.

ಊಟದ ವಿಷಯದಲ್ಲಿ ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು ಬೇಡ. ದಿನವೂ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುವ ರೂಢಿಯಿದ್ದರೆ ಅದನ್ನು ಬಹಳ ಕಡಿಮೆ ಮಾಡಬೇಕು. ಕಾಯಿಪಲ್ಲೆಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ ಪಲ್ಲೆ ಮಾಡಿ. ಬಿಪಿ ಇದ್ದವರಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ನಿಮ್ಮ ತಂದೆಯವರಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ, ಬಿಪಿ ಮಾತ್ರೆ ನಿಲ್ಲಿಸಲೂ ಬೇಡಿ.

ಡವಡವ ಇರುವಾಗಲೇ ತೆಗೆದ ಇಸಿಜಿ ಮತ್ತು ಅದೇ ಹೊತ್ತಿನ ಪೊಟ್ಯಾಸಿಯಂ ಪರೀಕ್ಷೆಯಿಂದ ಕಾರಣ ಬೇಗ ತಿಳಿಯುತ್ತದೆ. ಕೈಕಾಲು ಸೋತಂತಾದರೆ, ಕಣ್ಣು ಕತ್ತಲಿಟ್ಟರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಕೊನೆಯ ಡಯಾಲಿಸಿಸ್ ಯಾವಾಗ ಆಯಿತೆಂಬುದನ್ನು ಮೊದಲೇ ಹೇಳಿ.